ಕೋಡ್‌ಗಿಂತ ಮೊದಲು ಗೆರೆ: ಮಾಕಪ್‌ನ ಇತಿಹಾಸ

1/5
ನಮ್ಮ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳು ಉಳಿ ಹಿಡಿಯೋ ಮೊದಲು ಏನು ಮಾಡ್ತಾರೆ, ಗೊತ್ತಲ್ವಾ? ಕಲ್ಲಿನ ಮೇಲೆ ಗೆರೆ ಹಾಕ್ತಾರೆ. ಗೆರೆ ತಪ್ಪಿದ್ರೆ ಅಳಿಸಬಹುದು, ಮೂಗು ಒಡೆದ್ರೆ ಅಂಟಿಸೋಕಾಗಲ್ಲ. ಸಾಫ್ಟ್‌ವೇರ್‌ನಲ್ಲೂ ಇದೇ ಲೆಕ್ಕ. ಪ್ರೋಗ್ರಾಮ್ ಬರೆಯೋ ಮೊದಲೇ ಬಟನ್ ಎಲ್ಲಿ, ಅಕ್ಷರ ಎಷ್ಟು ದೊಡ್ಡದು ಅಂತ ಪರದೆಯ ಚಿತ್ರ ಮಾಡಿ ನೋಡೋದೇ ಮಾಕಪ್.

2/5
ಕಂಪ್ಯೂಟರ್ ಮೇಲೆ ಚಿತ್ರ ಬರೆಯೋದು ಹೊಸದೇನಲ್ಲ. 1963ರಲ್ಲೇ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ 'ಸ್ಕೆಚ್‌ಪ್ಯಾಡ್' ಮಾಡಿದ್ರು. ಬೆಳಕಿನ ಪೆನ್ನಿನಿಂದ ನೇರ ಪರದೆ ಮೇಲೇ ಗೆರೆ!
ಆದರೆ ಮಾಕಪ್‌ಗೆ ಕಂಪ್ಯೂಟರೇ ಬೇಕಂತಿಲ್ಲ. 1996ರಲ್ಲಿ ಬಂದ ಪಾಮ್ ಪೈಲಟ್ ಯಂತ್ರ ತಯಾರಾಗೋ ಮೊದಲು ಜೆಫ್ ಹಾಕಿನ್ಸ್ ಅದೇ ಅಳತೆಯ ಮರದ ತುಂಡನ್ನ ಜೇಬಲ್ಲಿಟ್ಕೊಂಡು ಓಡಾಡ್ತಿದ್ರು. ಯಾರಾದ್ರೂ ಮೀಟಿಂಗ್ ಕೇಳಿದ್ರೆ ಮರದ ತುಂಡು ತೆಗೆದು ಬರೆಯೋ ಹಾಗೆ ನಟನೆ. ಜೇಬಿಗೆ ಹಿಡಿಸುತ್ತಾ, ಕೈಗೆ ಒಗ್ಗುತ್ತಾ ಅನ್ನೋದು ಮರದಿಂದಲೇ ಗೊತ್ತಾಯ್ತು.

3/5
1990ರಲ್ಲಿ ಫೋಟೋಶಾಪ್ ಬಂತು. ಅದು ಫೋಟೋ ತಿದ್ದೋಕೆ ಮಾಡಿದ್ದು, ಆದರೆ ವೆಬ್ ಡಿಸೈನರ್‌ಗಳು ಅದರಲ್ಲೇ ಪೇಜ್ ಬರೆದ್ರು. 2010ರಲ್ಲಿ ಮ್ಯಾಕ್‌ಗೆ 'ಸ್ಕೆಚ್' ಬಂತು. 2016ರಲ್ಲಿ ಎಲ್ಲರಿಗೂ ತೆರೆದ 'ಫಿಗ್ಮಾ' ಬ್ರೌಸರ್‌ನಲ್ಲೇ ಓಡುತ್ತೆ. ನಾಲ್ಕು ಜನ ಒಂದೇ ಚಿತ್ರದ ಮೇಲೆ ಒಟ್ಟಿಗೆ ಕೆಲಸ ಮಾಡಬಹುದು. ಒಂದು ಪರದೆಯಿಂದ ಇನ್ನೊಂದಕ್ಕೆ ಕೊಂಡಿ ಹಾಕಿದ್ರೆ, ಒಂದು ಸಾಲು ಕೋಡ್ ಇಲ್ಲದೇ ಆ್ಯಪ್ ಥರಾನೇ ಒತ್ತಿ ನೋಡಬಹುದು.

4/5
ಈಗ ನಮ್ಮ ಕಡೆಯ ಕಥೆ. 2000ದ ಸುಮಾರಿಗೆ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳನ್ನ ಕಂಪ್ಯೂಟರ್‌ಗೆ ತಂತು. ಅಲ್ಲಿವರೆಗೂ ಪಹಣಿ ಅಂದ್ರೆ ಗ್ರಾಮ ಲೆಕ್ಕಿಗರ ಕೈಬರಹ. ಆಮೇಲೆ ತಾಲ್ಲೂಕು ಕಚೇರಿಯ ಕಿಯೋಸ್ಕ್‌ನಲ್ಲಿ 15 ರೂಪಾಯಿಗೆ ಪ್ರಿಂಟ್ ಸಿಗೋಕೆ ಶುರುವಾಯ್ತು.
ಅಲ್ಲೊಂದು ಸಣ್ಣ ವಿಷಯ ಗಮನಿಸಿ. ಕಿಯೋಸ್ಕ್‌ನಲ್ಲಿ ಎರಡನೇ ಪರದೆ ಇತ್ತು, ರೈತನ ಕಡೆ ಮುಖ ಮಾಡಿ. ಒಳಗೆ ಕೂತವರು ಏನು ಮಾಡ್ತಿದ್ದಾರೆ ಅನ್ನೋದು ಹೊರಗೆ ನಿಂತವರಿಗೂ ಕಾಣಬೇಕು ಅಂತ. ಡಿಸೈನ್ ಅಂದ್ರೆ ಬರೀ ಬಣ್ಣ ಅಲ್ಲ ಕಣ್ರೀ. ಪರದೆ ಯಾರಿಗೆ ಕಾಣಬೇಕು ಅನ್ನೋ ತೀರ್ಮಾನ. ಜಮೀನಿನ ವಿಷಯದಲ್ಲಿ ಅದು ಎಷ್ಟು ದೊಡ್ಡ ಮಾತು ಅಂತ ನಿಮ್ಮನೇಲಿ ಕೇಳಿ.

5/5
ಮಾಕಪ್ ಹಂತದಲ್ಲಿ ಯಾರು ನೆನಪಾಗಲ್ವೋ, ಅವರು ಆ್ಯಪ್‌ನಲ್ಲೂ ಇರಲ್ಲ. ಇಂಗ್ಲಿಷ್‌ನ ಪುಟ್ಟ ಪದ ಹಾಕಿ ಬಟನ್ ಅಳತೆ ಮಾಡಿದ್ರೆ 'ಅರ್ಜಿ ಸಲ್ಲಿಸಿ' ಅದರಲ್ಲಿ ಹಿಡಿಸಲ್ಲ. ಸಾಲುಗಳ ನಡುವೆ ಜಾಗ ಬಿಡದಿದ್ರೆ 'ರಾಷ್ಟ್ರ', 'ಸ್ತ್ರೀ' ಥರದ ಪದಗಳ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತೆ. ಚಿತ್ರದಲ್ಲಿ ತಿದ್ದೋಕೆ ಎರಡು ನಿಮಿಷ. ಕೋಡ್ ಮುಗಿದ ಮೇಲೆ? ಎಷ್ಟೋ ಸಲ ತಿದ್ದೋದೇ ಇಲ್ಲ.

ಅದಕ್ಕೇ, ಈ ಸಲದ ಪ್ರಾಜೆಕ್ಟ್‌ಗೆ ಲ್ಯಾಪ್‌ಟಾಪ್ ತೆಗೆಯೋ ಮೊದಲು ನೋಟ್‌ಬುಕ್ ಹಾಳೆಯಲ್ಲಿ ನಾಲ್ಕು ಚೌಕ ಬರೀರಿ. ಒಳಗೆ ಕನ್ನಡದಲ್ಲೇ ಪದ ಹಾಕಿ. ಅಮ್ಮನಿಗೋ ಅಜ್ಜಿಗೋ ಕೊಟ್ಟು "ಎಲ್ಲಿ ಒತ್ತುತ್ತೀರಿ?" ಅಂತ ಕೇಳಿ. ನೀವು ಬಾಯಿ ಬಿಡಬೇಡಿ. ಅವರ ಬೆರಳು ಎಲ್ಲಿ ತಡವರಿಸುತ್ತೋ, ಅಲ್ಲಿಂದ ತಿದ್ದೋಕೆ ಶುರು ಮಾಡಿ.

ಆ ಹಾಳೆಯ ಫೋಟೋ ಹಾಕಿ ಟ್ಯಾಗ್ ಮಾಡಿ, ನೋಡೋಣ 👇
#ಟೇಕಲ್ #ಮಾಲೂರು #ಕನ್ನಡದಲ್ಲಿ_ಟೆಕ್