ಪ್ರೋಟೀನುಗಳ ಸಕ್ಕರೆ ಗುರುತು ಮತ್ತು ಜೀನ್ ಮೌನ

ಸಕ್ಕರೆ ಗುರುತು ಎಂದರೆ ಕೋಶಕೇಂದ್ರ ಹಾಗೂ ಕೋಶದ್ರವದ ಪ್ರೋಟೀನುಗಳಲ್ಲಿನ ಸೆರಿನ್, ಥ್ರಿಯೊನಿನ್ ಅಮೈನೊ ಆಮ್ಲಗಳಿಗೆ ಎನ್-ಅಸಿಟೈಲ್‌ಗ್ಲೂಕೋಸಮೈನ್ ಎಂಬ ಒಂಟಿ ಸಕ್ಕರೆ ಅಣು ಸೇರುವ ಕ್ರಿಯೆ. ಓಜಿಟಿ ಕಿಣ್ವ ಇದನ್ನು ಜೋಡಿಸುತ್ತದೆ, ಓಜಿಎ ಕಳಚುತ್ತದೆ. ಟೊರೆಸ್ ಮತ್ತು ಹಾರ್ಟ್ 1984ರಲ್ಲಿ ಇದನ್ನು ವರದಿ ಮಾಡಿದರು.

ಜೀನುಗಳನ್ನು ಸುಮ್ಮನಾಗಿಸುವುದರಲ್ಲಿ ಇದರ ಪಾತ್ರಕ್ಕೆ ಅತ್ಯಂತ ಸ್ಪಷ್ಟ ಸಾಕ್ಷ್ಯ ಹಣ್ಣುನೊಣದ್ದು. ಇತರ ಜೀನುಗಳನ್ನು ಸುಮ್ಮನಾಗಿಸುವ ಅದರ ಪಾಲಿಕೋಂಬ್ ಗುಂಪಿನ ‘ಸೂಪರ್ ಸೆಕ್ಸ್ ಕೋಂಬ್ಸ್’ ಜೀನೇ ಓಜಿಟಿಯ ಸಂಕೇತವನ್ನು ಹೊತ್ತಿದೆಯೆಂದು 2009ರಲ್ಲಿ ತಿಳಿಯಿತು. ಸಕ್ಕರೆ ಸೇರದಿದ್ದರೆ ಅದೇ ಗುಂಪಿನ ಪಾಲಿಹೋಮಿಯೋಟಿಕ್ ಪ್ರೋಟೀನು ಮುದ್ದೆಗಟ್ಟುತ್ತದೆ; ದೇಹದ ಖಂಡಗಳ ರೂಪ ನಿರ್ಧರಿಸುವ ಹಾಕ್ಸ್ ಜೀನುಗಳು ಸಲ್ಲದ ಜಾಗದಲ್ಲಿ ಸಕ್ರಿಯವಾಗಿ, ದೇಹದ ಒಂದು ಖಂಡ ಇನ್ನೊಂದರ ರೂಪ ತಾಳುತ್ತದೆ. ಈ ಸಕ್ಕರೆ ಗ್ಲೂಕೋಸಿನಿಂದಲೇ ತಯಾರಾಗುವುದರಿಂದ ಪೋಷಣೆಗೂ ಜೀನ್ ನಿಯಂತ್ರಣಕ್ಕೂ ನಂಟಿರುವ ಸಾಧ್ಯತೆ ನಿಜಕ್ಕೂ ರೋಮಾಂಚಕ.

ಉತ್ತರ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜೀನ್ ನಿಯಂತ್ರಣದ ಇನ್ನೊಂದು ಬಗೆಯ ಪ್ರೋಟೀನ್ ಗುರುತಾದ ಹಿಸ್ಟೋನ್ ಪ್ರೋಟೀನುಗಳ ಅಸಿಟೈಲೀಕರಣ ಕುರಿತು ಗಣನೀಯ ಸಂಶೋಧನೆ ನಡೆದಿದೆ.