ಲೋನಾವಳದ ಅಳತೆಗೋಲು

ಬೇಲಾಪುರದ ಉದ್ಯಾನಗಳಲ್ಲಿ ಮುಂಜಾನೆ ಯೋಗಾಭ್ಯಾಸಕ್ಕೆ ಸೇರುವ ನಾವು, ಆಸನಗಳಿಂದ ಆರೋಗ್ಯ ಸುಧಾರಿಸುವುದೆಂಬುದನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದೇವೆ. ಆ ನಂಬಿಕೆಯನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವ ಯತ್ನ, ಇಲ್ಲಿಂದ ಬಹುದೂರವಲ್ಲದ, ಘಟ್ಟದ ಮೇಲಿನ ಲೋನಾವಳದಲ್ಲಿ ನೂರು ವರ್ಷಗಳ ಹಿಂದೆಯೇ ನೆಲೆಗೊಂಡಿತ್ತು.

ಬರೋಡದ ಮಾಣಿಕರಾಯರಲ್ಲಿ ವ್ಯಾಯಾಮವನ್ನೂ ಮಾಧವದಾಸರಲ್ಲಿ ಯೋಗವನ್ನೂ ಕಲಿತ ಜಗನ್ನಾಥ ಗಣೇಶ ಗುಣೆಯವರೇ ಸ್ವಾಮಿ ಕುವಲಯಾನಂದರು. 1924ರಲ್ಲಿ ಅವರು ಕೈವಲ್ಯಧಾಮವನ್ನು ಸ್ಥಾಪಿಸಿ, ‘ಯೋಗ ಮೀಮಾಂಸಾ’ ತ್ರೈಮಾಸಿಕವನ್ನೂ ಆರಂಭಿಸಿದರು. ಹೊಟ್ಟೆಯ ಸ್ನಾಯುಗಳನ್ನು ಹೊರಳಿಸುವ ನೌಲಿಯ ವೇಳೆ ದೊಡ್ಡ ಕರುಳಿಗೆ ನೀರು ತಾನಾಗಿ ಏರುವುದೇಕೆ? ಕುವಲಯಾನಂದರು ಕರುಳಿನೊಳಗಿನ ಒತ್ತಡವನ್ನು ಅಳೆದರು. ಅದು ವಾಯುಮಂಡಲದ ಒತ್ತಡಕ್ಕಿಂತ ಕೆಳಗಿಳಿದಿತ್ತು. ನೀರನ್ನು ಒಳಗೆಳೆಯುತ್ತಿದ್ದುದು ಆ ಭಾಗಶಃ ನಿರ್ವಾತವೇ. ಅದಕ್ಕೆ ಅವರು ಗುರುವಿನ ಹೆಸರನ್ನಿಟ್ಟು ಮಾಧವದಾಸ ನಿರ್ವಾತವೆಂದು ಕರೆದರು. ಗುರುಭಕ್ತಿ ಅಳತೆಗೆ ಅಡ್ಡಬರಲಿಲ್ಲ.

ಮೈಸೂರಿಗೂ ಈ ಕಥೆಯ ನಂಟುಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ತಿರುಮಲೆ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಲೋನಾವಳಕ್ಕೆ ಬಂದು ಕುವಲಯಾನಂದರ ಕಾರ್ಯವನ್ನು ಕಂಡಿದ್ದರು. ಅವರ ‘ಯೋಗ ಮಕರಂದ’ ಕನ್ನಡದಲ್ಲಿಯೇ ರಚಿತವಾದ ಗ್ರಂಥ. ಅವರ ಶಿಷ್ಯರಾದ ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಅವರು 1937ರಲ್ಲಿ ಪುಣೆಗೆ ಬಂದು ಅಲ್ಲಿಯೇ ನೆಲೆಸಿದರು.

ಆಸನಗಳನ್ನು ಮೈಸೂರಿನ ಬಳುವಳಿಯೆಂದು ಹೆಮ್ಮೆಪಡುವ ನಾವು ಲೋನಾವಳದ ವಿಧಾನವನ್ನೂ ಉಳಿಸಿಕೊಳ್ಳಬೇಕಾಗಿದೆ. ಯೋಗದಿಂದ ಸಕಲ ರೋಗಗಳೂ ವಾಸಿಯಾಗುತ್ತವೆಂಬ ಮಾತು ಕಿವಿಗೆ ಬಿದ್ದಾಗ, ಅದನ್ನು ಯಾರು, ಹೇಗೆ ಅಳೆದರೆಂದು ಕೇಳುವುದು ಯೋಗಕ್ಕೆ ಅಗೌರವವಲ್ಲ. ಕೈವಲ್ಯಧಾಮ ಆರಂಭವಾದದ್ದೇ ಅಂಥ ಪ್ರಶ್ನೆಗಳಿಂದ.