ತೊಂಬತ್ತಮೂರು ವರ್ಷ ಕಾದ ನೀರು

ಕುರುಗೋಡು, ಸಿರುಗುಪ್ಪ ಸೀಮೆಯ ಭತ್ತದ ಗದ್ದೆಗಳನ್ನು ನೋಡುತ್ತ ಬೆಳೆದ ನಮ್ಮ ಮಕ್ಕಳಿಗೆ, ಬಳ್ಳಾರಿ ಒಂದು ಕಾಲಕ್ಕೆ ಬರದ ಮತ್ತೊಂದು ಹೆಸರಾಗಿತ್ತೆಂದರೆ ನಂಬಿಕೆ ಬಾರದು. ವಿಜಯನಗರದ ಅರಸರು ತುಂಗಭದ್ರೆಗೆ ಕಟ್ಟಿಸಿದ ಅಣೆಗಳಿಂದ ಸಿರುಗುಪ್ಪದ ಬಳಿ ಒಂದಿಷ್ಟು ಹೊಲಗಳಿಗೆ ನೀರುಂಟಾಗಿತ್ತು, ನಿಜ. ಜಿಲ್ಲೆಯ ಉಳಿದ ಎರೆಭೂಮಿ ಮುಗಿಲನ್ನೇ ನಂಬಿತ್ತು.

1860ರಲ್ಲಿ ಸರ್ ಆರ್ಥರ್ ಕಾಟನ್ ತುಂಗಭದ್ರೆಯ ನೀರನ್ನು ಈ ಬರಸೀಮೆಗೆ ಹರಿಸುವ ಯೋಜನೆಯನ್ನು ಮುಂದಿಟ್ಟರು. ಜಲಾಶಯದ ನೀರು ಕಾಲುವೆಗೆ ಇಳಿದದ್ದು 1953ರಲ್ಲಿ. ನಡುವಿನ ತೊಂಬತ್ತಮೂರು ವರ್ಷಗಳಲ್ಲಿ ಖರ್ಚಿನ ಅಂಜಿಕೆಯೂ, ನದಿಯ ಪಾಲಿನ ಬಗ್ಗೆ ಮದ್ರಾಸು, ಹೈದರಾಬಾದು, ಮೈಸೂರುಗಳ ತಕರಾರೂ ಮುಗಿಯಲೇ ಇಲ್ಲ. ಧಾತು, ಈಶ್ವರ ಸಂವತ್ಸರಗಳ (1876-78) ಮಹಾಕ್ಷಾಮ ಬಂದುಹೋದದ್ದು ಈ ಅವಧಿಯಲ್ಲಿಯೇ. ಆಗ ಹಸಿದು ಸತ್ತವರ ಮುಂದೆ ತಾಳ್ಮೆಯ ಮಾತನಾಡುವ ಹಕ್ಕು ಯಾರಿಗೂ ಇಲ್ಲ.

ಆದರೂ ತಾಳ್ಮೆ ಎಂಬ ಪದಕ್ಕೆ ಸಲ್ಲುವ ಕೆಲಸವೊಂದು ಈ ಚರಿತ್ರೆಯಲ್ಲಿದೆ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಗ ಬಸಿಯುವುದಿಲ್ಲ. ಅಡಿಯ ಉಪ್ಪು ಮೇಲೇರಿ ನೆಲ ಸವಳಾಗುತ್ತದೆ. ಇಂಥ ಭೂಮಿಗೆ ಕಾಲುವೆ ತಂದರೆ ವರವೋ ಶಾಪವೋ? ಅದನ್ನರಿಯಲು 1937ರಲ್ಲಿ ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರವನ್ನು ತೆರೆಯಲಾಯಿತು. ಅಣೆಕಟ್ಟಿನ ಒಂದು ಕಲ್ಲೂ ಬಿದ್ದಿರಲಿಲ್ಲ. ಸರ್ಕಾರಗಳ ಒಪ್ಪಂದಕ್ಕೇ ಇನ್ನೂ ಏಳು ವರ್ಷ ಬಾಕಿಯಿತ್ತು. ಬಾರದ ನೀರಿಗಾಗಿ ಅಲ್ಲಿನವರು ವರ್ಷವರ್ಷವೂ ಬಿತ್ತಿ, ಅಳೆದು, ಬರೆದಿಟ್ಟರು. ಅಣೆಕಟ್ಟಿನ ಚಿತ್ರವನ್ನು ಎಲ್ಲರೂ ಕಂಡಿದ್ದಾರೆ. ಈ ಹೊಲಗಳನ್ನು ನೆನೆಯುವವರು ಕಡಿಮೆ.

1944ರಲ್ಲಿ ಮದ್ರಾಸು, ಹೈದರಾಬಾದುಗಳು ಒಪ್ಪಿಗೆಗೆ ಬಂದವು. 1945ರ ಫೆಬ್ರವರಿ 28ರಂದು ಹೊಸಪೇಟೆಯ ಬಳಿ ನದಿಯ ಎರಡೂ ದಡಗಳಲ್ಲಿ ಶಂಕುಸ್ಥಾಪನೆ ನಡೆಯಿತು. ಮುಂದೆ ದೇಶಕ್ಕೆ ಸ್ವಾತಂತ್ರ್ಯ ಬಂತು, ನಿಜಾಮರ ಆಳ್ವಿಕೆ ಕೊನೆಗೊಂಡಿತು. ಸುಣ್ಣ-ಸುರ್ಕಿಯ ಗಾರೆಯಲ್ಲಿ ಕಲ್ಲಿನ ಮೇಲೆ ಕಲ್ಲು ಏರುತ್ತಲೇ ಇತ್ತು. 1953ರ ಜುಲೈಯಲ್ಲಿ ನೀರು ಬಿಟ್ಟಾಗ ಬಳ್ಳಾರಿ ಇನ್ನೂ ಮದ್ರಾಸಿನದಾಗಿತ್ತು. ಮೂರೇ ತಿಂಗಳಿಗೆ, ಅಕ್ಟೋಬರ್ 1ರಂದು, ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯವನ್ನು ಸೇರಿತು.

ಇಷ್ಟಕ್ಕೆ ಕಥೆ ಮುಗಿಸಿದರೆ ಅನ್ಯಾಯವಾದೀತು. ಈ ಜಲಾಶಯಕ್ಕಾಗಿ 90ರಷ್ಟು ಹಳ್ಳಿಗಳು ಮುಳುಗಿ, 50,000ಕ್ಕೂ ಹೆಚ್ಚು ಜನ ಮನೆ-ಹೊಲ ತೊರೆದರು. ಕಾದವರು ಒಬ್ಬರು, ಬೆಲೆ ತೆತ್ತವರು ಇನ್ನೊಬ್ಬರು.

ನೀರು ಬಂದ ಮೇಲೆ ಆದದ್ದೂ ಯೋಜಿಸಿದಂತೆಯೇ ಅಲ್ಲ. ಬಹುಪಾಲು ಹೊಲಗಳಲ್ಲಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳು ಬರಲಿ, ನೀರು ಹೆಚ್ಚು ಜನರಿಗೆ ಹಂಚಿಹೋಗಲಿ ಎಂಬುದು ಮೂಲ ಎಣಿಕೆ. ಕಾಲುವೆಯ ಮೇಲ್ಭಾಗದವರು ಭತ್ತ ನಟ್ಟರು. ತುದಿಯವರಿಗೆ ನೀರು ಸಾಲದಾಯಿತು. ಹೂಳು ತುಂಬಿ, 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ 106 ಟಿಎಂಸಿಯ ಆಸುಪಾಸಿಗೆ ಇಳಿದಿದೆ. ಅಂದು ಅಂಜಿದ್ದ ಸವಳು ಎಷ್ಟೋ ಹೊಲಗಳಲ್ಲಿ ಕಾಣಿಸಿಕೊಂಡಿದೆ. ಸಿರುಗುಪ್ಪದ ಆ ಕೇಂದ್ರ ಈಗ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಅಧೀನದಲ್ಲಿದೆ.